ಕಿವಿಗೆ 32 ಬಿಟ್ ಹೂವು

ಹೊಸ ಟಿವಿ ಬಂದ ದಿನ ನಾನು ಮೊದಲು ನೋಡಿದ್ದು ಅದರ ಬೆನ್ನು. ದನಿ ಹೊರಗೆ ಕೊಡುವ ಕೆಂಪು-ಬಿಳಿ ತೂತು ಎಲ್ಲಿ? ಇಲ್ಲ. ಹೆಡ್‌ಫೋನ್ ತೂತಾದರೂ? ಅದೂ ಇಲ್ಲ. ಗೋಡೆಗೆ ಕೂರಿಸಲು ಬಂದ ಹುಡುಗ ಕನಿಕರದಿಂದ ನೋಡಿದ. “ಈಗ ಅದೆಲ್ಲ ಬರಲ್ಲ ಸಾರ್. ಆಪ್ಟಿಕಲ್ ಒಂದೇ, ಬೆಳಕಲ್ಲಿ ದನಿ ಕಳಿಸೋದು. ಸುಮ್ನೆ ಸೌಂಡ್‌ಬಾರ್ ತಗೊಂಡ್ಬಿಡಿ.”

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಜೋಡಿಸಿಕೊಂಡು ಬಂದ ನನ್ನ ಆಂಪ್ಲಿಫೈಯರ್ 25 ವರ್ಷದಿಂದ ಒಮ್ಮೆಯೂ ಮುನಿಸಿಕೊಂಡಿಲ್ಲ. ಅದರ ತಪ್ಪು ಒಂದೇ, ಅದಕ್ಕೆ ಕೆಂಪು-ಬಿಳಿ ಪಿನ್ನಿನ ಭಾಷೆ ಬಿಟ್ಟು ಬೇರೆ ಬರಲ್ಲ. ಹಾಗಾಗಿ ನಡುವೆ ಒಬ್ಬ ದುಭಾಷಿ ಬೇಕು. ಅವನ ಹೆಸರು ಡ್ಯಾಕ್. ಟಿವಿ ಉದುರಿಸುವ ಅಂಕಿಗಳನ್ನು ಆಂಪ್ಲಿಫೈಯರ್‌ಗೆ ತಿಳಿಯುವ ಅಲೆ ಮಾಡಿ ಕೊಡುವುದು ಅವನ ಕೆಲಸ. 1982ರಲ್ಲಿ ಸಿ.ಡಿ. ಬಂದಾಗಿನಿಂದ ಮನೆಮನೆಯಲ್ಲೂ ನಡೆಯುತ್ತಿರುವ ಕೆಲಸ ಇದು. ಅಂಗಡಿಯಲ್ಲಿ 700 ರೂಪಾಯಿಗೆ ಸಿಗುತ್ತದೆ.

ಈ ಮಾತು ನನ್ನ ಭಾವಮೈದುನನ ಕಿವಿಗೆ ಬಿತ್ತು.

“ಭಾವ, 700ದು ತಗೋಬೇಡಿ. ಕೇಳಕ್ಕಾಗಲ್ಲ.”

“ಮತ್ತೆ ಎಷ್ಟರದು?”

“ಬಜೆಟ್‌ನಲ್ಲೇ ಹೋಗೋಣ. 14 ಸಾವಿರ.”

ಬಜೆಟ್ ಅನ್ನುವ ಪದವನ್ನು ಹಣಕಾಸು ಮಂತ್ರಿಗಳೂ ಇಷ್ಟು ಧಾರಾಳವಾಗಿ ಬಳಸಿರಲಿಕ್ಕಿಲ್ಲ. ಅವನು ತೋರಿಸಿದ ಡಬ್ಬದ ಮೇಲೆ 32 ಬಿಟ್, 768 ಕಿಲೋಹರ್ಟ್ಸ್ ಅಂತ ಚಿನ್ನದ ಅಕ್ಷರ. ಸಿ.ಡಿ.ಯಲ್ಲಿರುವುದು 16 ಬಿಟ್ಟಿನ ಅಳತೆ, ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದದ್ದು. ಎಳೆಯ ಕಿವಿಗೆ ಕೇಳುವುದೇ 20 ಕಿಲೋಹರ್ಟ್ಸ್‌ವರೆಗೆ, ಅದನ್ನು ಹಿಡಿಯಲು ಸಿ.ಡಿ. ಸಾಕು. ಎಷ್ಟು ಸಲ ಅಳೆದರೋ ಅದರ ಅರ್ಧದವರೆಗಿನ ದನಿ ಹಿಡಿಯಬಹುದು, ಹಾಗಾಗಿ ಈ ಡಬ್ಬದ ಲೆಕ್ಕ 384 ಕಿಲೋಹರ್ಟ್ಸ್‌ವರೆಗೆ ಹೋಗುತ್ತದೆ. ನಮ್ಮ ಮನೆಗೆ ಬಾವಲಿಗಳು ನೆಂಟರಾಗಿ ಬಂದು ತಲೆಕೆಳಗಾಗಿ ಕೂತು ಕೇಳಿದರೂ ಪೂರ್ತಿ ಕೇಳಿಸಲ್ಲ. ನಾನೋ, ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಹೆಂಡತಿಯನ್ನು ಕೇಳಿ ತಿಳಿದುಕೊಳ್ಳುವ ವಯಸ್ಸಿನವನು. ನಾನು ಹಾಕುವುದು ಪಿ.ಬಿ. ಶ್ರೀನಿವಾಸ್ ಹಾಡು. ಆಗಿನ ಮಾನೋ ರೆಕಾರ್ಡು, ಅಲ್ಲಿಂದ ಕ್ಯಾಸೆಟ್ಟು, ಕ್ಯಾಸೆಟ್ಟಿನಿಂದ ಯಾವನೋ ಪುಣ್ಯಾತ್ಮ ಯೂಟ್ಯೂಬಿಗೆ ಏರಿಸಿದ್ದು. ಅದಕ್ಕೆ 32 ಬಿಟ್ ಅಂದರೆ ತಂಗಳನ್ನಕ್ಕೆ ಬೆಳ್ಳಿ ತಟ್ಟೆ.

ಇಷ್ಟಕ್ಕೇ ಮುಗಿಯಲಿಲ್ಲ. ಹೊಸ ಡ್ಯಾಕ್ ಮೊದಲು 200 ಗಂಟೆ ಓಡಬೇಕಂತೆ, ಆಮೇಲೆ ದನಿ “ಬಿಚ್ಚಿಕೊಳ್ಳುತ್ತದಂತೆ”. ದೋಸೆ ಕಾವಲಿ ಪಳಗಬೇಕು, ಒಪ್ಪುತ್ತೇನೆ. ನಮ್ಮಮ್ಮ ಹೊಸ ಕಾವಲಿಗೆ ಎಣ್ಣೆ ಸವರಿ, ಈರುಳ್ಳಿ ಹೋಳಲ್ಲಿ ಉಜ್ಜಿ, ಮೊದಲ ನಾಲ್ಕು ದೋಸೆ ನಾಯಿಗೆ ಹಾಕುತ್ತಿದ್ದರು. ಐದನೆಯದು ಕಾಗದದ ಹಾಗೆ ಎದ್ದು ಬರುತ್ತಿತ್ತು, ಎಲ್ಲರೂ ಕಣ್ಣಾರೆ ನೋಡುತ್ತಿದ್ದೆವು. ಡ್ಯಾಕಿನೊಳಗಿನ ಚಿಪ್ ಪಳಗಿದ್ದು ಯಾರಿಗೆ ಕಾಣುತ್ತದೆ? ಅಂದಹಾಗೆ 200 ಗಂಟೆ ಅಂದರೆ 8 ದಿನ 8 ಗಂಟೆ. ನಾವು ನೋಡಿದ ಡಬ್ಬವನ್ನು ವಾಪಸ್ ಮಾಡಲು ಇದ್ದಿದ್ದು 7 ದಿನ. ಎಂಥಾ ಕರಾರುವಾಕ್ಕು ನೋಡಿ!

ಇಂಥ ಕಿವಿಗಳ ಮಹಿಮೆ ನಮಗೆ ಗೊತ್ತಿಲ್ಲದ್ದೇನಲ್ಲ. ಅಮೆರಿಕದ ಮೊಬೈಲ್ ಫಿಡೆಲಿಟಿಯವರ ಎಲ್.ಪಿ. ತಟ್ಟೆಗಳ ಕಥೆ ನೆನಪಿದೆಯಲ್ಲ? ಡಿಜಿಟಲ್ ಅಂದರೆ ಹಲ್ಲು ಚುಳುಕ್ ಅನ್ನುತ್ತೆ ಎನ್ನುವವರೇ ಆ ತಟ್ಟೆಗಳನ್ನು ಎದೆಗವಚಿಕೊಂಡಿದ್ದರು. ಇದಪ್ಪಾ ಅಂಕಿ ಸೋಕದ ಅಪ್ಪಟ ಅನಲಾಗ್, ಎಂಥ ಬೆಚ್ಚನೆ ದನಿ ಅಂತ ಕಣ್ಣು ಮುಚ್ಚುತ್ತಿದ್ದರು. 2022ರಲ್ಲಿ ಗುಟ್ಟು ಹೊರಬಿತ್ತು. ವರ್ಷಗಳಿಂದ ಅವುಗಳಲ್ಲಿ ಎಷ್ಟೋ ತಟ್ಟೆ ಡಿಜಿಟಲ್ ಮೆಟ್ಟಿಲು ಹತ್ತಿಳಿದೇ ಬರುತ್ತಿದ್ದವು. ಒಂದು ಹಲ್ಲೂ ಚುಳುಕ್ ಅಂದಿರಲಿಲ್ಲ! ಗುಟ್ಟು ಗೊತ್ತಾದ ಮೇಲೆ ಅಂದವು, ಕೋರ್ಟಿಗೂ ಹೋದವು. ಸುಳ್ಳು ಹೇಳಿ ಮಾರಿದ್ದು ತಪ್ಪೇ, ಬಿಡಿ. ಆದರೆ ಆ ಕಿವಿಗಳನ್ನು ಯಾರಾದರೂ ಕಟಕಟೆಗೆ ಕರೆಯಬೇಕಿತ್ತು ಅಲ್ವಾ?

ನಗು ಬರುವುದು ಇಲ್ಲಿಯವರೆಗೆ. ಈ ಡಬ್ಬ ನನಗೆ ಬೇಕಾದದ್ದಾದರೂ ಯಾಕೆ? ಇದ್ದ ತೂತನ್ನು ಮುಚ್ಚಿದ್ದಕ್ಕೆ. 2016ರಲ್ಲಿ ಆಪಲ್‌ನವರು ಐಫೋನ್ 7ರ ಹೆಡ್‌ಫೋನ್ ತೂತು ಮುಚ್ಚಿ, ವೇದಿಕೆ ಮೇಲೆ ನಿಂತು ಅದನ್ನು ‘ಧೈರ್ಯ’ ಅಂದರು. ಮೊದಲು ಫೋನಿನ ಡಬ್ಬದೊಳಗೇ ಹೆಡ್‌ಫೋನ್ ಸಿಕ್ಕಿಸಲು ಬಾಲದಂಥ ಒಂದು ಗಿಡ್ಡ ವೈರು ಇಟ್ಟಿದ್ದರು, ಅದರ ತುದಿಯಲ್ಲೊಂದು ಪುಟ್ಟ ಡ್ಯಾಕ್. 2018ರಲ್ಲಿ ಆ ಬಾಲವನ್ನೂ ತೆಗೆದು ಬೇರೆಯಾಗಿ ಮಾರಿದರು. ನಮ್ಮ ಮನೆಯ ಗೋಣಿಯಲ್ಲಿ ಇಂಥ ಬಾಲಗಳು, ಅಡಾಪ್ಟರುಗಳು, ಯಾವುದಕ್ಕೂ ಕೂರದ ವೈರುಗಳು ತುಂಬಿವೆ. ಕಸದವನು ತಗೊಳ್ಳಲ್ಲ, ಗುಜರಿಯವನು ಮೂಸಲ್ಲ. ನಲವತ್ತು-ಐವತ್ತು ಸಾವಿರದ ಟಿವಿಗೆ ಎರಡು ತೂತು ಕೊರೆಯಲು ಇವರಿಗೆ ಏನು ರೋಗ? ಚೆನ್ನಾಗಿರುವ ಆಂಪ್ಲಿಫೈಯರನ್ನು ಎಸೆದು ಸೌಂಡ್‌ಬಾರ್ ತಗೋ ಅನ್ನುತ್ತಾರಲ್ಲ, ನನಗೆ ಸಾಕಾಗಿದೆ.

700ದನ್ನೇ ತಂದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಸಿಕ್ಕಿಸಿದರೆ ಸದ್ದೇ ಇಲ್ಲ. “ನಾನು ಹೇಳಿರ್ಲಿಲ್ವಾ ಭಾವ” ಅಂತ ಅವನು ಕುರ್ಚಿಗೆ ಒರಗಿದ. ಕೇಬಲ್ಲಿನ ತುದಿ ನೋಡಿದೆ. ಕಡಲೆಕಾಳಷ್ಟು ಪಾರದರ್ಶಕ ಟೋಪಿ ಹಾಗೇ ಇತ್ತು. ಕಿತ್ತೆ. ತುದಿಯಲ್ಲಿ ಕೆಂಪು ಬೆಳಕು ಬಂತು, ಹಾಡು ಬರಲಿಲ್ಲ. ಆಮೇಲೆ ಟಿವಿಯ ಸೆಟ್ಟಿಂಗ್ಸ್ ಒಳಗೆ ಇಳಿದೆ. ಸೌಂಡ್, ಅದರೊಳಗೆ ಡಿಜಿಟಲ್ ಔಟ್‌ಪುಟ್, ಅಲ್ಲಿ ‘ಆಟೋ’ ತೆಗೆದು ‘ಪಿ.ಸಿ.ಎಂ.’, ಅಂದರೆ ಅಡಕದ ಬರೀ ಅಂಕಿ, ಒತ್ತಿದೆ. ಅಲ್ಲಿಯವರೆಗೆ ಟಿವಿ ಅಂಕಿಗಳನ್ನು ಅಡಕಿ ಕಳಿಸುವ ಡಾಲ್ಬಿಯಲ್ಲಿ ಮಾತಾಡುತ್ತಿತ್ತು, ಪಾಪದ ಡಬ್ಬಕ್ಕೆ ತಿಳಿಯುತ್ತಿರಲಿಲ್ಲ. ಪಿ.ಬಿ. ಶ್ರೀನಿವಾಸ್ ಹಜಾರಕ್ಕೆ ಬಂದರು. ಸಂಜೆಯವರೆಗೂ ಹೋಗಲಿಲ್ಲ.

ಒಂದು ವಿಷಯ ಮಾತ್ರ ಆ ಹುಡುಗನೂ ಹೇಳಿರಲಿಲ್ಲ, ಭಾವಮೈದುನನೂ ಹೇಳಿರಲಿಲ್ಲ. ನಮ್ಮ ಟಿವಿಯ ಆಪ್ಟಿಕಲ್ ದಾರಿಯಲ್ಲಿ ಹೋದ ದನಿಗೆ ರಿಮೋಟಿನ ವಾಲ್ಯೂಮ್ ತಾಕುವುದಿಲ್ಲ. ಆಂಪ್ಲಿಫೈಯರಿನ ಗುಂಡಿಯನ್ನೇ ತಿರುಗಿಸಬೇಕು. ಈಗ ಹಾಡು ಮುಗಿದು ಜಾಹೀರಾತು ಅರಚತೊಡಗಿದರೆ ಅಡುಗೆಮನೆಯಿಂದ ಕೂಗು ಬರುತ್ತದೆ: “ರೀ, ಬಂತು. ಏಳಿ.”