1952ರ ಹೆಲ್ಸಿಂಕಿಯನ್ನೇ ಮರೆತಿರಲ್ಲ!

ಒಲಿಂಪಿಕ್ಸ್‌ನಲ್ಲಿ ಭಾರತದ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ ಸರ್. ಆದರೆ ‘ಹಾಕಿ ಬಿಟ್ಟರೆ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಪದಕ 1996ರಲ್ಲಿ ಲಿಯಾಂಡರ್ ಪೇಸ್ ತಂದದ್ದು’ ಎಂದು ಬರೆದಿದ್ದೀರಲ್ಲ, ಅದು ತಪ್ಪು. 44 ವರ್ಷ ಮೊದಲೇ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಕೆ.ಡಿ. ಜಾಧವ್ ಕುಸ್ತಿಯಲ್ಲಿ ಕಂಚು ಗೆದ್ದಿದ್ದರು.

ಸಾತಾರಾ ಜಿಲ್ಲೆಯ ಕರಾಡ್ ಹತ್ತಿರದ ಗೋಳೇಶ್ವರದ ಪೈಲ್ವಾನ. ಕೆಮ್ಮಣ್ಣಿನ ಅಖಾಡದಲ್ಲಿ ಪಳಗಿದ ಕಾಲು, 1948ರ ಲಂಡನ್‌ನಲ್ಲಿ ಮ್ಯಾಟ್ ಮೇಲೆ ನಿಲ್ಲಬೇಕಾಯಿತು. ಆದರೂ ಆರನೇ ಸ್ಥಾನ! ಮುಂದಿನ ಸಲ ಹೆಲ್ಸಿಂಕಿಗೆ ಹೋಗಲು ಕೈಯಲ್ಲಿ ಕಾಸಿಲ್ಲ. ಊರವರು ಚಂದಾ ಎತ್ತಿದರು, ಓದಿದ ಕಾಲೇಜಿನ ಪ್ರಾಂಶುಪಾಲರು ಮನೆಯನ್ನೇ ಒತ್ತೆ ಇಟ್ಟು ದುಡ್ಡು ಹೊಂದಿಸಿದರು. ಪದಕ ತಂದಾಗ ಎತ್ತಿನ ಗಾಡಿಗಳ ಮೆರವಣಿಗೆಯೇನೋ ಆಯಿತು. ಸರ್ಕಾರ ಮಾತ್ರ ಅರ್ಜುನ ಪ್ರಶಸ್ತಿ ಕೊಟ್ಟದ್ದು ಅವರು ತೀರಿಕೊಂಡು ಎಷ್ಟೋ ವರ್ಷ ಆದಮೇಲೆ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಮಾತು. 1920ರ ಆಂಟ್ವರ್ಪ್ ಒಲಿಂಪಿಕ್ಸ್ ಬಗ್ಗೆ ಬರೆಯುವಾಗ, ಭಾರತದ ತಂಡ ಕಳಿಸಲು ಮುಂದಾದ ಉದ್ಯಮಿ ದೊರಾಬ್‌ಜಿ ಟಾಟಾ ಹೆಸರು ಬಂದಿದೆ, ಸರಿ. ಆದರೆ ಆ ಪುಟ್ಟ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್ ಓಡಿ 19ನೆಯವರಾಗಿ ಗುರಿ ಮುಟ್ಟಿದರು. ಪದಕ ಬಂದಿಲ್ಲ, ಒಪ್ಪಿದೆ. ಆದರೆ ಒಲಿಂಪಿಕ್ಸ್‌ಗೆ ಭಾರತ ಮೊದಲ ಬಾರಿ ತಂಡ ಕಳಿಸಿದ್ದೇ ಆಗ. ಕನ್ನಡದಲ್ಲಿ ಬರೆದ ಲೇಖನದಲ್ಲಿ ಅವರಿಗೆ ಒಂದು ಸಾಲಾದರೂ ಬೇಡವೇ? ದಯವಿಟ್ಟು ಸೇರಿಸಿ.