ಓಬಿಡಿ ಮೀಟರ್ ಸಾಲಲ್ಲ, ಜಿಪಿಎಸ್‌ದೇ ತಗೊಳ್ಳಿ

ಕಾರಿನ ಸ್ಪೀಡ್ ತೋರಿಸೋಕೆ ಓಬಿಡಿ ಪೋರ್ಟ್‌ಗೆ (ಕಾರಿನ ಕಂಪ್ಯೂಟರಿಂದ ಮಾಹಿತಿ ತಗೊಳ್ಳೋ ಸಾಕೆಟ್) ಸಿಕ್ಕಿಸೋ ಡಿಜಿಟಲ್ ಮೀಟರ್ ಸಾಕು ಅಂತ ಬರೆದಿದೀರಲ್ಲ, ಸ್ಪೋರ್ಟ್ಸ್ ಕಾರಿಗೆ ಅದು ಸಾಲಲ್ಲ ಸಾರ್. ಅದು ಲೆಕ್ಕ ಹಾಕೋದು ಚಕ್ರ ತಿರುಗೋದನ್ನ ನೋಡಿ, ಟಯರ್ ಸೈಜ್ ಬದಲಾಯಿಸಿದ್ರೆ ಆ ವ್ಯತ್ಯಾಸ ಹಂಗೇ ಮೀಟರಲ್ಲೂ ಬರತ್ತೆ. ಕಾರಿನ ಜೊತೆಗೇ ಬರೋ ಕಂಪನಿ ಮೀಟರ್ ಅಂತೂ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿನೇ ತೋರ್ಸತ್ತೆ, ಯಾಕಂದ್ರೆ ಸ್ಪೀಡೋಮೀಟರ್‌ಗೆ ಇರೋ ವಿಶ್ವಸಂಸ್ಥೆ ನಿಯಮ, ಯುಎನ್ ರೆಗ್ಯುಲೇಶನ್ 39ರ ಪ್ರಕಾರ ನಿಜವಾದ ಸ್ಪೀಡ್‌ಗಿಂತ ಕಮ್ಮಿ ತೋರಿಸೋ ಹಾಗಿಲ್ಲ. ಜಿಪಿಎಸ್ ಮೀಟರ್ ಉಪಗ್ರಹದ ಸಿಗ್ನಲ್‌ನಿಂದ ಸ್ಪೀಡ್ ಲೆಕ್ಕ ಹಾಕತ್ತೆ, ಅದಕ್ಕೆ ಟಯರ್ ಗೊಡವೆ ಇಲ್ಲ, ಟನಲ್ ಒಳಗೆ ಮಾತ್ರ ಸಿಗ್ನಲ್ ಹೋಗತ್ತೆ. ಆದ್ರೆ 1 ಹರ್ಟ್ಜ್‌ದು, ಅಂದ್ರೆ ಸೆಕೆಂಡಿಗೆ ಒಂದೇ ಸಲ ಅಪ್‌ಡೇಟ್ ಆಗೋದು, ಬೇಡವೇ ಬೇಡ, ಆಕ್ಸಿಲರೇಟರ್ ತುಳಿದ್ರೆ ಅಂಕಿ ಬದಲಾಗೋ ಅಷ್ಟರಲ್ಲಿ ಇಂಥ ಕಾರಿನ ಸ್ಪೀಡ್ ಗಂಟೆಗೆ 10-15 ಕಿಮೀ ಏರಿರತ್ತೆ, ಸೆಕೆಂಡಿಗೆ 10 ಸಲ ಅಪ್‌ಡೇಟ್ ಆಗೋದನ್ನೇ ನೋಡಿ. ಗಾಜಿನ ಮೇಲೆ ಬೀಳೋ ಹೆಡ್‌ಅಪ್ ಡಿಸ್‌ಪ್ಲೇ ಪೋಲರೈಸ್ಡ್ ಕನ್ನಡಕ ಹಾಕಿದ್ರೆ ಎಷ್ಟೋ ಸಲ ಕಾಣೋದೇ ಇಲ್ಲ, ನನ್ ಪ್ರಕಾರ ಕಪ್ಪು ಹಿನ್ನೆಲೆ ಮೇಲೆ ದಪ್ಪ ಬಿಳಿ ಅಂಕಿ ಇರೋದೇ ಬೆಸ್ಟ್.