ರಿಯಾಕ್ಟ್ ಬಿಡಬೇಕೆಂದಿದ್ದೆ, ‘ಕೊಳೆರೋಗ’ ತಡೆಯಿತು

ಜೂನ್ ಮೊದಲ ವಾರ ಅಪ್ಪ ಜಗಲಿಯಲ್ಲಿ ಕೂತು ಕೇಳಿದರು, “ಹೋದ ವರ್ಷ ಅಡಿಕೆಯ ಕೊಳೆರೋಗಕ್ಕೆ ಮೊದಲ ಮದ್ದು ಬಿಟ್ಟದ್ದು ಯಾವಾಗ? ನಿನ್ನ ಆ ಮೊಬೈಲು ಪುಸ್ತಕದಲ್ಲಿ ನೋಡು.”

ಮೊಬೈಲು ಪುಸ್ತಕ ಎಂದರೆ ನಾನೇ ನನಗಾಗಿ ಬರೆದುಕೊಂಡ ಟಿಪ್ಪಣಿ ಆ್ಯಪ್. ತೋಟದ ಆಳುಲೆಕ್ಕ, ಮೈಲುತುತ್ತು-ಸುಣ್ಣ ತಂದ ಖರ್ಚು, ಕಚೇರಿಯಿಂದ ಬಂದ ಮಲಯಾಳ ಕಾಗದಗಳ ಸಾರ, ಎಲ್ಲ ಅದರಲ್ಲೇ. ‘ಕೊಳೆರೋಗ’ ಎಂದು ಹುಡುಕಿದೆ. ಒಂದೂ ಇಲ್ಲ! ಅಪ್ಪ ಏನೂ ಹೇಳದೆ ಒಳಗೆ ಹೋಗಿ, ಮೊಳೆಗೆ ತೂಗಿದ್ದ ಈ ವರ್ಷದ ಕ್ಯಾಲೆಂಡರಿನ ಹಿಂದಿನಿಂದ ಹೋದ ವರ್ಷದ್ದನ್ನು ಎಳೆದರು. ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು.

ಆ ಸಿಟ್ಟನ್ನೆಲ್ಲ ರಿಯಾಕ್ಟಿನ ಮೇಲೆ, ಅಂದರೆ ಆ್ಯಪ್ ಬರೆಯಲು ಬಳಸಿದ್ದ ಜಾವಾಸ್ಕ್ರಿಪ್ಟ್ ಸಲಕರಣೆಯ ಮೇಲೆ, ತೀರಿಸಿಕೊಂಡೆ. ನಿಜ ಹೇಳಬೇಕೆಂದರೆ ನೆಪ ಬೇಕಿತ್ತು, ಅಷ್ಟೆ. ನನ್ನ ಆ್ಯಪ್ ಕಟ್ಟಿದ್ದು ‘ಕ್ರಿಯೇಟ್ ರಿಯಾಕ್ಟ್ ಆ್ಯಪ್’ ಎಂಬ, ರಿಯಾಕ್ಟ್ ಕೆಲಸಕ್ಕೆ ಅಡಿಪಾಯ ಹಾಕಿಕೊಡುವ ಸಲಕರಣೆಯಲ್ಲಿ. 2025ರ ಫೆಬ್ರವರಿಯಲ್ಲಿ ಹೊಸ ಕೆಲಸಕ್ಕೆ ಅದನ್ನು ಬಳಸಬೇಡಿ ಎಂದು ರಿಯಾಕ್ಟಿನವರೇ ಹೇಳಿಬಿಟ್ಟಿದ್ದರು. ಅತ್ತ ರಿಯಾಕ್ಟಿನ ಕೆಲಸವನ್ನೇ ಮಾಡುವ ಇನ್ನೊಂದು ಸಲಕರಣೆ, ಸ್ವೆಲ್ಟ್, ಕಣ್ಣು ಹೊಡೆಯುತ್ತಲೇ ಇತ್ತು. ಅಂದು ರಾತ್ರಿಯೇ ಆ್ಯಪನ್ನು ಸ್ವೆಲ್ಟಿನಲ್ಲಿ ಮತ್ತೆ ಬರೆಯಲು ಹೊಸ ಬ್ರಾಂಚ್ (ಕೋಡಿನ ಬೇರೆ ಕವಲು) ತೆಗೆದೆ.

ಮೂರು ಭಾನುವಾರ ಹೋದವು. ಸುಳ್ಳು ಹೇಳುವುದಿಲ್ಲ, ಸ್ವೆಲ್ಟ್‌ನಲ್ಲಿ ಬರೆಯುವುದು ಖುಷಿ. ಪರದೆ ಬದಲಾದ ಮೇಲಿನ ಕೆಲಸಗಳಿಗೆ ರಿಯಾಕ್ಟಿನಲ್ಲಿ ಬರೆಯಬೇಕಾದ ಯೂಸ್‌ಎಫೆಕ್ಟ್‌ನ ಕಾಟವಿಲ್ಲ, ಕೋಡೂ ಕಡಿಮೆ. ಹುಡುಕುವ ಪರದೆ ತಯಾರಾದ ಕೂಡಲೇ ಹುರುಪಿನಲ್ಲಿ ‘ಕೊಳೆರೋಗ’ ಎಂದು ಹೊಡೆದೆ.

ಅಲ್ಲಿಯೂ ಇಲ್ಲ.

ಆಮೇಲೆ ತಲೆ ಕೆರೆದುಕೊಂಡು ಒಂದೊಂದೇ ಅಕ್ಷರದ ಯೂನಿಕೋಡ್ ಸಂಖ್ಯೆ (ಕಂಪ್ಯೂಟರು ಅಕ್ಷರವನ್ನು ಗುರುತಿಸುವ ಅಂಕಿ) ತೆಗೆಸಿ ನೋಡಿದೆ. ಒಂದನೇ ತರಗತಿಯಲ್ಲಿ ‘ಕ ಒತ್ವ ಕೊ’ ಎಂದು ಹೇಳಿಸಿದ್ದು ನೆನಪಿದೆಯಲ್ಲ? ಕಂಪ್ಯೂಟರಿಗೆ ಆ ‘ಕೊ’ ಎರಡು ಬಗೆ. ಕ-ದ ಮುಂದೆ ಒತ್ವದ ಒಂದೇ ಚಿಹ್ನೆ ಇಡಬಹುದು. ಇಲ್ಲವೇ ಎತ್ವ ಇಟ್ಟು, ಅದಕ್ಕೆ ಕೊಂಬಿನ ಇಳಿ ಸೇರಿಸಬಹುದು. ಪರದೆಯ ಮೇಲೆ ಎರಡೂ ಒಂದೇ ‘ಕೊ’. ‘ರೋ’ದ ಓತ್ವವಂತೂ ಮೂರು ತುಂಡಾಗಿಯೂ ಕೂರಬಲ್ಲದು. ನಾನು ಕೀಲಿಮಣೆಯಲ್ಲಿ ಹೊಡೆದದ್ದು ಒಂದು ಬಗೆ, ಹಳೆಯ ಫಾಂಟಿನ ಫೈಲುಗಳಿಂದ ಪರಿವರ್ತಿಸಿ ತಂದ ಟಿಪ್ಪಣಿಗಳಲ್ಲಿ ಇದ್ದದ್ದು ಇನ್ನೊಂದು. ಯಂತ್ರದ ಕಣ್ಣಿಗೆ ಅವೆರಡೂ ಬೇರೆ ಬೇರೆ ಪದ.

ಮದ್ದು? ಜಾವಾಸ್ಕ್ರಿಪ್ಟಿನಲ್ಲಿ 2015ರಿಂದಲೇ ಇರುವ, ಇಂಥ ಬಗೆಗಳನ್ನೆಲ್ಲ ಒಂದೇ ಬಗೆಗೆ ತರುವ ನಾರ್ಮಲೈಸ್. ಉಳಿಸುವಾಗ ಒಮ್ಮೆ, ಹುಡುಕುವಾಗ ಒಮ್ಮೆ. ‘ಫೇಸ್‌ಬುಕ್’ನಂಥ ಪದಗಳ ನಡುವೆ ಅಡಗಿ ಕೂರುವ, ಕಣ್ಣಿಗೆ ಕಾಣದ ಚಿಹ್ನೆಯನ್ನು ಹುಡುಕಾಟದ ಮಟ್ಟಿಗೆ ತೆಗೆದುಹಾಕಲು ಇನ್ನೊಂದು ಸಾಲು. ಕಾಫಿ ಆರುವ ಮೊದಲೇ ಹಳೆಯ ರಿಯಾಕ್ಟ್ ಆ್ಯಪ್‌ನಲ್ಲೇ ಕೊಳೆರೋಗ ಸಿಕ್ಕಿತು. ಮೂರು ಭಾನುವಾರದ ಲೆಕ್ಕ ಯಾರ ಹತ್ತಿರ ಕೇಳಲಿ?

ಟೈಪ್ ಮಾಡುವಾಗ ಆ್ಯಪ್ ಎಳೆಯುತ್ತಿದ್ದುದಕ್ಕೂ ರಿಯಾಕ್ಟನ್ನೇ ಬೈಯುತ್ತಿದ್ದೆ. ನೋಡಿದರೆ ಪ್ರತಿ ಅಕ್ಷರಕ್ಕೂ ಇಡೀ ಟಿಪ್ಪಣಿ ಗಂಟನ್ನು ಬ್ರೌಸರಿನೊಳಗಿನ ಲೋಕಲ್‌ಸ್ಟೋರೇಜಿಗೆ ತುರುಕುತ್ತಿದ್ದವನು ನಾನೇ. ಸುಮಾರು 5 ಎಂಬಿ ಹಿಡಿಯುವ ಡಬ್ಬಿ ಅದು. ಈಗ ಬ್ರೌಸರಿನದೇ ದೊಡ್ಡ ಉಗ್ರಾಣವಾದ ಇಂಡೆಕ್ಸ್ಡ್‌ಡಿಬಿಗೆ ಸಾಗಿಸಿದ್ದೇನೆ. ಬಿಲ್ಡಿಗೆ, ಅಂದರೆ ಕೋಡನ್ನು ಓಡುವ ಆ್ಯಪ್ ಆಗಿ ಕಟ್ಟುವುದಕ್ಕೆ, ಕ್ರಿಯೇಟ್ ರಿಯಾಕ್ಟ್ ಆ್ಯಪ್ ಬದಲು ವೀಟ್ ಎಂಬ ಸಲಕರಣೆ ಹಾಕಿಕೊಂಡೆ. ಹಂಚು ಒಡೆದದ್ದಕ್ಕೆ ಮನೆ ಕೆಡವಲು ಹೊರಟಿದ್ದೆ ನೋಡಿ.

ರಿಯಾಕ್ಟೇ ಮೇಲು ಎಂಬ ವಾದ ನನ್ನದಲ್ಲ. ಹೊಸದಾಗಿ ಶುರು ಮಾಡುವವರು ಸ್ವೆಲ್ಟ್ ಹಿಡಿಯಲಿ, ನಾನೂ ಹಾಗೇ ಮಾಡುತ್ತಿದ್ದೆ. ಕಲಿಯುವ ಆಸೆಗೆ ಬದಲಾಯಿಸುವುದಿದ್ದರೂ ಸರಿ, ಆದರೆ ಆಸೆ ಎಂದೇ ಹೇಳಿಕೊಳ್ಳಬೇಕು. ಅಲ್ಲಿಯಾದರೂ ನೆಲ ಗಟ್ಟಿ ಎಂದು ನಂಬಿ ಹೋಗಬೇಡಿ: 2024ರ ಅಕ್ಟೋಬರಿನಲ್ಲಿ ಬಂದ ಸ್ವೆಲ್ಟ್ 5 ‘ರೂನ್ಸ್’ ಎಂಬ ಹೊಸ ಗುರುತುಗಳನ್ನು ತಂದು ಬರೆಯುವ ಕ್ರಮವನ್ನೇ ಬದಲಿಸಿತು. ಆಂಗ್ಯುಲರ್‌ಜೆಎಸ್ ಎಂಬ ಇನ್ನೊಂದು ಸಲಕರಣೆಯಲ್ಲಿ ಬರೆದಿದ್ದ ನನ್ನ ಮೊದಲ ಆ್ಯಪ್ ಬಿಟ್ಟು ಬರುವಾಗ ಟಿಪ್ಪಣಿಗಳ ತಾರೀಕುಗಳೇ ಕಳೆದುಹೋಗಿದ್ದವು. ಈಗ ವಾರಕ್ಕೊಮ್ಮೆ ಎಲ್ಲವನ್ನೂ ಸಾದಾ ಟೆಕ್ಸ್ಟ್ ಫೈಲಾಗಿ ಇಳಿಸಿಡುತ್ತೇನೆ.

ಸ್ವೆಲ್ಟ್ ಬ್ರಾಂಚನ್ನು ಅಳಿಸಿಲ್ಲ, ಮನಸ್ಸು ಬರಲಿಲ್ಲ. ಮಲಯಾಳದ ಚಿಲ್ಲಕ್ಷರಗಳದ್ದೂ (ಸ್ವರ ಸೇರದ ಕೆಲವು ವ್ಯಂಜನಗಳ ಬೇರೆ ರೂಪ) ಇಂಥದ್ದೇ ಇಬ್ಬಗೆ ಇದೆ. ಯೂನಿಕೋಡ್ 2008ರಲ್ಲಿ ಅವಕ್ಕೆ ಬೇರೆ ಸಂಖ್ಯೆ ಕೊಟ್ಟಿತು, ಹಳೆಯ ಬರಹಗಳು ಹಳೆಯ ಕ್ರಮದಲ್ಲೇ ಉಳಿದವು. ಅದು ನಾರ್ಮಲೈಸಿಗೂ ಜಗ್ಗುವುದಿಲ್ಲ, ಕೈಯಾರೆ ಪಟ್ಟಿ ಬರೆಯಬೇಕು. ಎರಡನೇ ಮದ್ದಿನ ಹೊತ್ತೂ ಬಂತು. ಬರುವ ಭಾನುವಾರ ಮಳೆ ಬಿಟ್ಟು ಹೊಳವಾದರೆ ತೋಟ, ಇಲ್ಲದಿದ್ದರೆ ಚಿಲ್ಲು.